ರಿಪೋರ್ಟ್ ಬಂದಿದೆ, ಚಿಕಿತ್ಸೆ ಇನ್ನೂ ಶುರುವಾಗಿಲ್ಲ. ಈ ನಡುವಿನ ದಿನಗಳನ್ನು ನೀವೆಲ್ಲ ಹೇಗೆ ದಾಟಿದಿರಿ?

ಹಸಿರುಕಿಟಕಿ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಇವತ್ತು ಬರೆಯಲೇಬೇಕು ಅನ್ನಿಸಿತು. ನನಗೆ 43 ವರ್ಷ. ಎಡ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿತು, ಬಯಾಪ್ಸಿ ಮಾಡಿದರು, 11 ದಿನದ ಹಿಂದೆ ರಿಪೋರ್ಟ್ ಬಂತು. ಕ್ಯಾನ್ಸರ್.

ಆ ದಿನ ಅಳು ಬರಲಿಲ್ಲ. ಡಾಕ್ಟರ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಹೊರಗೆ ಬಂದ ಮೇಲೆ ನೋಡಿದರೆ ಅವರು ಹೇಳಿದ್ದರಲ್ಲಿ ಒಂದು ಮಾತೂ ನೆನಪಿಲ್ಲ. ಕೈಯಲ್ಲಿದ್ದ ಕಾಗದದಲ್ಲಿ ಹೆರ್2 ಅಂತ ಬರೆದು ಪಕ್ಕದಲ್ಲಿ 2+ ಅಂತ ಇದೆ. ಅದಕ್ಕೆ ಫಿಶ್ ಅಂತ ಇನ್ನೊಂದು ಪರೀಕ್ಷೆ ಮಾಡಬೇಕಂತೆ, ಅದು ಬಂದ ಮೇಲೆ ಎಲ್ಲ ಡಾಕ್ಟರುಗಳೂ ಕೂತು ಮಾತಾಡಿ ಏನು ಮಾಡಬೇಕು ಅಂತ ಹೇಳುತ್ತಾರಂತೆ. ಮುಂದಿನ ಅಪಾಯಿಂಟ್‌ಮೆಂಟ್‌ಗೆ ಇನ್ನೂ 16 ದಿನ ಇದೆ.

ಈ 16 ದಿನ ಹೇಗೆ ಕಳೆಯಲಿ ಅಂತಲೇ ಗೊತ್ತಾಗುತ್ತಿಲ್ಲ. ಹಗಲು ಹೇಗೋ ಹೋಗುತ್ತದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ, ಕೈ ತಾನಾಗೇ ಆ ಗಂಟಿನ ಮೇಲೆ ಹೋಗುತ್ತದೆ. ನಿನ್ನೆಗಿಂತ ದೊಡ್ಡದಾಯಿತಾ ಅಂತ ಮುಟ್ಟಿ ಮುಟ್ಟಿ ನೋಡುತ್ತೇನೆ, ಮುಟ್ಟಿ ಮುಟ್ಟಿ ಆ ಜಾಗವೇ ಈಗ ನೋಯುತ್ತಿದೆ. ಒಂದೊಂದು ದಿನ ಕಾಯುವಾಗಲೂ ಅದು ಒಳಗೆ ಬೆಳೆಯುತ್ತಿದೆ ಅಲ್ವಾ?

ಮನೆಯವರು, ಗೆಳತಿಯರು, ಎಲ್ಲರದ್ದೂ ಒಂದೇ ಮಾತು, ಧೈರ್ಯವಾಗಿರು. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಧೈರ್ಯ ಎಲ್ಲಿಂದ ತರಲಿ? ಅವರ ಎದುರು ನಕ್ಕು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅಳುತ್ತೇನೆ. ನನ್ನ ಮಗಳಿಗೆ ಎಂಟು ವರ್ಷ, ಅವಳಿಗೆ ಇನ್ನೂ ಏನೂ ಹೇಳಿಲ್ಲ. ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ಹೇಳಿ, ಭರವಸೆ ಅನ್ನುವುದನ್ನು ಹೇಗೆ ಹಿಡಿದುಕೊಂಡಿರಿ?

ಮುಂಜಾವು:
ಅಕ್ಕ, ನಿಮ್ಮ ಬರಹ ಓದುತ್ತಿದ್ದಂತೆ ಆರು ವರ್ಷದ ಹಿಂದಿನ ನಾನೇ ಕಣ್ಣ ಮುಂದೆ ಬಂದೆ. ಅದೇ ಮೂರು ಗಂಟೆ, ಅದೇ ಕೈ. ನನಗೂ ಸ್ತನ ಕ್ಯಾನ್ಸರ್ ಆಗಿತ್ತು. ರಿಪೋರ್ಟ್ ಬಂದು ಮೊದಲ ಕೀಮೋ ಶುರುವಾಗುವವರೆಗಿನ ಐದು ವಾರ ಇದೆಯಲ್ಲ, ಇಡೀ ಚಿಕಿತ್ಸೆಯಲ್ಲಿ ನನಗೆ ಅದರಷ್ಟು ಕಷ್ಟದ ಸಮಯ ಬೇರೆ ಇರಲಿಲ್ಲ. ಕೀಮೋ ಶುರುವಾದ ಮೇಲೆ ಮೈಗೆ ಕಷ್ಟವಾಯಿತು, ಆದರೆ ಮನಸ್ಸು ನಿಂತಿತು. ಹೀಗೆ ಹೇಳಿದವರನ್ನು ಆಮೇಲೆ ತುಂಬ ಜನರನ್ನು ಕಂಡಿದ್ದೇನೆ.

ಮೊದಲು ನಿಮ್ಮ ಆ ಪ್ರಶ್ನೆ. ಸ್ತನ ಕ್ಯಾನ್ಸರಿನಂಥ ಗಡ್ಡೆ ಕೈಗೆ ಸಿಗುವಷ್ಟು ಆಗುವುದಕ್ಕೆ ಸಾಮಾನ್ಯವಾಗಿ ವರ್ಷಗಳೇ ಹಿಡಿದಿರುತ್ತವೆ. ನಿಮಗೆ ಗೊತ್ತಾಗಿದ್ದು 11 ದಿನದ ಹಿಂದೆ, ಅದು ಶುರುವಾಗಿದ್ದು 11 ದಿನದ ಹಿಂದೆ ಅಲ್ಲ. ಹಾಗಾಗಿ ಪರೀಕ್ಷೆ ಮುಗಿಸುವುದಕ್ಕೆ ಹೋಗುವ ಎರಡು ಮೂರು ವಾರ ಹೆಚ್ಚಿನವರ ವಿಷಯದಲ್ಲಿ ಡಾಕ್ಟರುಗಳು ಲೆಕ್ಕ ಹಾಕಿಯೇ ತೆಗೆದುಕೊಳ್ಳುವ ಸಮಯ. ಹಾಗಂತ ಎಷ್ಟು ದಿನ ಬೇಕಾದರೂ ಕಾಯಬಹುದು ಅಂತಲ್ಲ. ತಿಂಗಳುಗಟ್ಟಲೆ ತಡವಾದರೆ ತೊಂದರೆಯೇ. ಕೆಲವು ಕ್ಯಾನ್ಸರ್‌ಗಳಲ್ಲಿ, ಉದಾಹರಣೆಗೆ ಬೇಗ ಬೆಳೆಯುವ ರಕ್ತದ ಕ್ಯಾನ್ಸರ್ ಆದ ಅಕ್ಯೂಟ್ ಲ್ಯುಕೇಮಿಯಾದಲ್ಲಿ, ಕೆಲವೇ ದಿನಗಳಲ್ಲಿ ಚಿಕಿತ್ಸೆ ಶುರು ಮಾಡಬೇಕಾಗುತ್ತದೆ. ಆದ್ದರಿಂದ ಫೋನ್ ಮಾಡಿ ನೇರವಾಗಿ ಕೇಳಿ, 'ನನ್ನ ವಿಷಯದಲ್ಲಿ ಎಷ್ಟು ವಾರ ಕಾಯುವುದು ಸರಿ? ಅಷ್ಟರೊಳಗೆ ಶುರುವಾಗುತ್ತದಾ?' ಈ ಒಂದು ಪ್ರಶ್ನೆ ಕೇಳುವುದಕ್ಕೆ ನಾನು ಹತ್ತು ದಿನ ಹೆದರಿದೆ. ಉತ್ತರ ಕೇಳಿದ ರಾತ್ರಿ ನಾಲ್ಕು ಗಂಟೆ ನಿದ್ದೆ ಮಾಡಿದೆ.

ಗಂಟನ್ನು ಮುಟ್ಟಿ ನೋಡುವುದನ್ನು ನಿಲ್ಲಿಸಿ ಅಂದರೆ ಆಗುವುದಿಲ್ಲ, ಗೊತ್ತು. ದಿನಕ್ಕೆ ಒಂದು ಸಲ ಅಂತ ಇಟ್ಟುಕೊಳ್ಳಿ. ಸ್ನಾನದ ಹೊತ್ತಿಗೆ. ನಾನು ಹಾಗೇ ಮಾಡಿದ್ದು.

ಗಾಜಿನಪಟ್ಟಿ:
ನಾನು ಪೆಥಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಡಾಕ್ಟರ್ ಅಲ್ಲ, ಟೆಕ್ನಿಶಿಯನ್. ನಿಮ್ಮ ರಿಪೋರ್ಟಿಗೆ ಯಾಕೆ ಇಷ್ಟು ದಿನ ಅಂತ ಹೇಳಬಲ್ಲೆ, ಹೇಳಿದರೆ ಸ್ವಲ್ಪ ಸಮಾಧಾನ ಆಗಬಹುದು ಅಂತ ಬರೆಯುತ್ತಿದ್ದೇನೆ.

ಸೂಜಿಯಿಂದ ತೆಗೆದ ಆ ತುಣುಕು ಒಂದು ಬೆಂಕಿಕಡ್ಡಿಯಷ್ಟು ದಪ್ಪವೂ ಇರುವುದಿಲ್ಲ. ಅದು ಕೆಡದಿರಲಿ ಅಂತ ಮೊದಲು ಫಾರ್ಮಲಿನ್‌ನಲ್ಲಿ ಮುಳುಗಿಸಿಡುತ್ತೇವೆ. ಸ್ತನದ ತುಣುಕಾದರೆ ಕನಿಷ್ಠ 6 ಗಂಟೆ, 72 ಗಂಟೆಗಿಂತ ಜಾಸ್ತಿ ಇಲ್ಲ. ಅವಸರ ಮಾಡಿ ಬೇಗ ತೆಗೆದರೆ ಮುಂದಿನ ಪರೀಕ್ಷೆ ತಪ್ಪು ಉತ್ತರ ಕೊಡುತ್ತದೆ. ಆಮೇಲೆ ನೀರಿನ ಅಂಶ ತೆಗೆದು, ಮೇಣದಲ್ಲಿ ಕೂರಿಸಿ, ಸುಮಾರು 4 ಮೈಕ್ರಾನ್ ತೆಳುವಾಗಿ ಕತ್ತರಿಸುತ್ತೇವೆ. ತಲೆಕೂದಲಿಗಿಂತ ಹತ್ತಿಪ್ಪತ್ತು ಪಟ್ಟು ತೆಳು. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಗಾಜಿನ ಪಟ್ಟಿಯ ಮೇಲೆ ಎತ್ತಿಕೊಳ್ಳಬೇಕು, ಉಸಿರು ಜೋರಾಗಿ ಬಿಟ್ಟರೂ ಮುದುಡಿ ಹೋಗುತ್ತದೆ. ಇಷ್ಟು ವರ್ಷವಾದರೂ ಆ ಹೊತ್ತಿಗೆ ನಾನು ಉಸಿರು ಹಿಡಿಯುತ್ತೇನೆ.

ನಿಮ್ಮ ಹೆರ್2 ವಿಷಯ. ಅದು ಜೀವಕೋಶಕ್ಕೆ ಬೆಳೆ ಅಂತ ಹೇಳುವ ಒಂದು ಪ್ರೊಟೀನ್. ಎಷ್ಟಿದೆ ಅಂತ ಬಣ್ಣ ಹಾಕಿ ನೋಡುತ್ತೇವೆ, ಅದಕ್ಕೆ 0, 1+, 2+, 3+ ಅಂತ ನಾಲ್ಕು ಮೆಟ್ಟಿಲು. 3+ ಅಂದರೆ ಪಾಸಿಟಿವ್. 0, 1+ ನೆಗೆಟಿವ್ ಲೆಕ್ಕ. 2+ ಅಂದರೆ ಬಣ್ಣ ನೋಡಿ ಖಚಿತವಾಗಿ ಹೇಳಲಾಗದು ಅಂತ. ಆಗ ಫಿಶ್ ಮಾಡುತ್ತಾರೆ. ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿನಡಿ ಜೀನ್‌ಗಳು ಹೊಳೆಯುವ ಚುಕ್ಕಿಗಳ ಹಾಗೆ ಕಾಣುತ್ತವೆ. ಕನಿಷ್ಠ 20 ಜೀವಕೋಶಗಳಲ್ಲಿ ಒಂದೊಂದಾಗಿ ಆ ಚುಕ್ಕಿಗಳನ್ನು ಎಣಿಸಬೇಕು. ಸಂದೇಹ ಬಂದರೆ ಇನ್ನೊಬ್ಬರು ಮತ್ತೆ ಎಣಿಸುತ್ತಾರೆ.

ಯಾಕೆ ಇಷ್ಟೆಲ್ಲ ಅಂದರೆ, ಹೆರ್2 ಇದ್ದರೆ ಅದಕ್ಕೇ ಅಂತ ಔಷಧಿ ಇದೆ. ಟ್ರಾಸ್ಟುಜುಮ್ಯಾಬ್ ಮೊದಲು ಬಳಕೆಗೆ ಬಂದಿದ್ದು 1998ರಲ್ಲಿ. ಅದಕ್ಕೆ ಮುಂಚೆ ಹೆರ್2 ಪಾಸಿಟಿವ್ ಅಂದರೆ ಕೆಟ್ಟ ಸುದ್ದಿ ಅಂತಲೇ ಇತ್ತು, ಈಗ ಹಾಗಿಲ್ಲ. ಹೆರ್2 ಇಲ್ಲದಿದ್ದರೆ ಆ ಔಷಧಿ ಸುಮ್ನೆ ಕೊಟ್ಟು ಪ್ರಯೋಜನವಿಲ್ಲ, ಬೇರೆ ದಾರಿ ಇದೆ. ನಿಮಗೆ ಸರಿಯಾದ ಔಷಧಿ ಯಾವುದು ಅಂತ ಹುಡುಕುವ ಕೆಲಸವೇ ಈ ದಿನಗಳಲ್ಲಿ ನಡೆಯುತ್ತಿರುವುದು. ನೀವು ಮನೆಯಲ್ಲಿ ಕಾಯುತ್ತಿರುವಾಗ ನಿಮ್ಮ ಹೆಸರಿನ ಆ ಗಾಜಿನ ಪಟ್ಟಿಯ ಮೇಲೆ ಯಾರದ್ದೋ ಕಣ್ಣು ಇದೆ ಅಕ್ಕ.

ಹಸಿರುಕಿಟಕಿ:
ಇದನ್ನು ಮೂರು ಸಲ ಓದಿದೆ. ನನ್ನ ಫೈಲ್ ಎಲ್ಲೋ ಮೇಜಿನ ಮೇಲೆ ಬಿದ್ದಿದೆ, ಯಾರೂ ನೋಡುತ್ತಿಲ್ಲ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ. ಚುಕ್ಕಿ ಎಣಿಸುತ್ತಾರೆ ಅಂತ ಗೊತ್ತೇ ಇರಲಿಲ್ಲ. ತುಂಬ ಥ್ಯಾಂಕ್ಸ್ ಅಣ್ಣ.

ಜೊತೆಗಾರ:
ನನ್ನ ಹೆಂಡತಿಗೆ ಎರಡು ವರ್ಷದ ಹಿಂದೆ ಅಂಡಾಶಯದ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಶನ್ನಿಗೆ ಮೂರು ವಾರ ಕಾಯಬೇಕಿತ್ತು. ಆ ಮೂರು ವಾರ ನಾನು ಮಾಡಿದ ತಪ್ಪು ಹೇಳುತ್ತೇನೆ, ನಿಮ್ಮ ಮನೆಯವರು ಇದನ್ನು ಓದಿದರೆ ಒಳ್ಳೆಯದು.

ಅವಳು ಭಯ ಅಂತ ಬಾಯಿ ಬಿಟ್ಟಾಗೆಲ್ಲ ನಾನು ತಡೆದೆ. 'ಏನೂ ಆಗಲ್ಲ, ಹಾಗೆಲ್ಲ ಮಾತಾಡಬೇಡ.' ಹಾಗಂದರೆ ಅವಳಿಗೆ ಧೈರ್ಯ ಬರುತ್ತದೆ ಅಂತ ನಾನು ನಿಜವಾಗಿ ನಂಬಿದ್ದೆ. ನಾಲ್ಕೈದು ದಿನದಲ್ಲಿ ಅವಳು ನನ್ನ ಹತ್ತಿರ ಮಾತೇ ಕಮ್ಮಿ ಮಾಡಿದಳು. ಒಂದು ರಾತ್ರಿ ನೋಡುತ್ತೇನೆ, ಒಗೆದ ಹೊದಿಕೆ ಮಡಚುತ್ತಿದ್ದಾಳೆ. ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ನಾಲ್ಕನೇ ಸಲ ನಾನು ಹೋಗಿ ಆ ಕಡೆಯ ತುದಿ ಹಿಡಿದುಕೊಂಡೆ. ಇಬ್ಬರೂ ಸೇರಿ ಮಡಚಿದೆವು. ನನಗೂ ಭಯ ಆಗಿದೆ ಕಣೇ ಅಂದೆ. ಅಷ್ಟೇ ಹೇಳಿದ್ದು. ಅವಳು ಅಲ್ಲೇ ಕುಸಿದು ಕೂತು ಒಂದು ಗಂಟೆ ಅತ್ತಳು, ನಾನೂ ಅತ್ತೆ. ಮರುದಿನ ಬೆಳಗ್ಗೆ ಅವಳೇ ಪೆನ್ನು ಹಿಡಿದು ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಬರೆಯಲು ಕೂತಳು.

ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅಳಬೇಡಿ ತಂಗಿ. ಮನೆಯವರ ಎದುರೇ ಅಳಿ. ಅವರಿಗೂ ಅಳುವುದಕ್ಕೆ ಒಂದು ಜಾಗ ಬೇಕಾಗಿರುತ್ತದೆ.

ಬೆಳಕಿನದಾರಿ:
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಮನಸ್ಸಿನಲ್ಲಿ ಕೆಟ್ಟ ಯೋಚನೆ ಬಂದರೆ ರೋಗ ಜಾಸ್ತಿಯಾಗುತ್ತದೆ ಅಂತ ನಾನು ಕೇಳಿದ್ದೇನೆ. ಆದ್ದರಿಂದ ಅಳುವುದು, ಭಯಪಡುವುದು ಯಾವುದನ್ನೂ ಹತ್ತಿರ ಸೇರಿಸಬೇಡಿ. ಪೂರ್ತಿ ಗುಣವಾಗಿದ್ದೇನೆ ಅಂತ ದಿನವೂ ಅಂದುಕೊಳ್ಳಿ. ನಿಮಗೆ ಒಳ್ಳೆಯದಾಗಲಿ.

ಎರಡನೇಸುತ್ತು:
ಬೆಳಕಿನದಾರಿ ಅವರೇ, ನೀವು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ. ಆದರೂ ಈ ಮಾತನ್ನು ಹಾಗೇ ಬಿಡಲು ನನಗಾಗುವುದಿಲ್ಲ, ಯಾಕೆಂದರೆ ಇದೇ ಮಾತು ನನ್ನನ್ನು ಒಂದು ವರ್ಷ ಹಿಂಡಿ ಹಿಪ್ಪೆ ಮಾಡಿದೆ. ನನಗೆ ದೊಡ್ಡ ಕರುಳಿನ ಕ್ಯಾನ್ಸರ್ ಒಮ್ಮೆ ಗುಣವಾಗಿ ಮತ್ತೆ ಬಂತು. ಮತ್ತೆ ಬಂದಾಗ ನನ್ನ ಮೊದಲ ಯೋಚನೆ ಏನು ಗೊತ್ತಾ? ನಾನು ಸಾಕಷ್ಟು ಪಾಸಿಟಿವ್ ಆಗಿರಲಿಲ್ಲ, ಅದಕ್ಕೇ ಬಂತು ಅಂತ. ರೋಗದ ಭಾರದ ಮೇಲೆ ಅಪರಾಧದ ಭಾರ.

ಇದರ ಬಗ್ಗೆ ಪರಿಶೀಲನೆಯೇ ನಡೆದಿದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ಜನರ ಮನಸ್ಸಿನ ಸ್ಥಿತಿ ಹೇಗಿತ್ತು, ಅವರು ಎಷ್ಟು ಕಾಲ ಬದುಕಿದರು ಅಂತ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮನಸ್ಸು ಹಗುರವಾಗಿದ್ದವರು ಅದರಿಂದಾಗಿ ಹೆಚ್ಚು ಕಾಲ ಬದುಕಿದರು ಅಂತ ಅದರಲ್ಲಿ ಕಾಣಲಿಲ್ಲ. ನನಗೆ ಇದರಷ್ಟು ಬಿಡುಗಡೆ ಕೊಟ್ಟ ಸುದ್ದಿ ಇನ್ನೊಂದಿಲ್ಲ. ಅಂದರೆ ರಾತ್ರಿ ಮೂರಕ್ಕೆ ನೀವು ಅತ್ತರೆ ಗಂಟು ಬೆಳೆಯುವುದಿಲ್ಲ. ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಗೆ ಅಂತಲೇ ಒಂದು ವೈದ್ಯಕೀಯ ವಿಭಾಗವನ್ನು ಕಟ್ಟಿದ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಕೂಡ ಸದಾ ನಗುನಗುತ್ತಾ ಇರಲೇಬೇಕು ಅನ್ನುವ ಒತ್ತಾಯವನ್ನು ವಿರೋಧಿಸಿದವರು.

ಹಾಗಾದರೆ ಮನಸ್ಸು ಹೇಗಿದ್ದರೂ ಪರವಾಗಿಲ್ಲವಾ? ಹಾಗಲ್ಲ. ಮನಸ್ಸು ಪೂರ್ತಿ ಕುಗ್ಗಿದರೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಆಸ್ಪತ್ರೆಗೆ ಹೋಗುವುದೇ ಬೇಡ ಅನ್ನಿಸುತ್ತದೆ. ಅದಕ್ಕೆ ನೋಡಿಕೊಳ್ಳಬೇಕು. ಹಲವು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಒಂದು ಥರ್ಮಾಮೀಟರ್ ಚಿತ್ರ ಕೊಟ್ಟು ಕಳೆದ ವಾರದ ಸಂಕಟಕ್ಕೆ 0ಯಿಂದ 10ರವರೆಗೆ ಅಂಕ ಕೊಡಿ ಅನ್ನುತ್ತಾರೆ. 4 ಅಥವಾ ಅದಕ್ಕಿಂತ ಮೇಲಿದ್ದರೆ ಕೂತು ಮಾತಾಡಿ, ಬೇಕಾದರೆ ಕೌನ್ಸೆಲರ್ ಹತ್ತಿರ ಕಳಿಸುತ್ತಾರೆ. ನಾನು 9 ಅಂತ ಬರೆದಿದ್ದೆ. ನಿದ್ದೆಗೆ ಸ್ವಲ್ಪ ದಿನ ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಮಾತಾಡಿಸಿದರು. ಇದನ್ನು ಕೇಳಿ ಪಡೆಯುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬದುಕೇ ಬೇಡ ಅನ್ನುವಷ್ಟು ಆದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಹೇಳಿ.

ಬೆಳಕಿನದಾರಿ:
ನಾನು ಹೀಗೆ ಯೋಚಿಸಿರಲಿಲ್ಲ. ನನ್ನ ಅಕ್ಕನಿಗೂ ಇದೇ ಮಾತು ಹೇಳುತ್ತಿದ್ದೆ. ಇವತ್ತು ಸಂಜೆ ಅವಳಿಗೆ ಫೋನ್ ಮಾಡುತ್ತೇನೆ.

ಎರಡನೇಸುತ್ತು:
ಮಾಡಿ. ಅವರು ಹೇಳುವುದನ್ನು ಕೇಳಿಸಿಕೊಂಡರೆ ಸಾಕು.

ಹಸಿರುಕಿಟಕಿ ಅವರೇ, ಇನ್ನೊಂದು ವಿಷಯ. ಇಂಟರ್ನೆಟ್‌ನಲ್ಲಿ ಬದುಕುಳಿಯುವ ಶೇಕಡಾವಾರು ಹುಡುಕುತ್ತಿದ್ದೀರಾ? ಹುಡುಕುತ್ತಿರುತ್ತೀರಿ, ಎಲ್ಲರೂ ಮಾಡುತ್ತೇವೆ. ಸ್ಟೀಫನ್ ಜೇ ಗೌಲ್ಡ್ ಅಂತ ಒಬ್ಬ ಜೀವವಿಜ್ಞಾನಿ ಇದ್ದರು. 1982ರಲ್ಲಿ, 40ನೇ ವಯಸ್ಸಿನಲ್ಲಿ, ಅವರಿಗೆ ಹೊಟ್ಟೆಯ ಮೆಸೊಥೆಲಿಯೋಮಾ ಅನ್ನುವ ಅಪರೂಪದ ಕ್ಯಾನ್ಸರ್ ಅಂತ ಗೊತ್ತಾಯಿತು. ಪುಸ್ತಕ ತೆಗೆದು ನೋಡಿದರೆ ಮೀಡಿಯನ್ 8 ತಿಂಗಳು ಅಂತ ಇತ್ತು. ಅಂಕಿಅಂಶ ಗೊತ್ತಿದ್ದ ಮನುಷ್ಯ, ಅದರ ಅರ್ಥ ಅವರಿಗೆ ತಿಳಿಯಿತು. ಅರ್ಧ ಜನ 8 ತಿಂಗಳೊಳಗೆ ಹೋಗುತ್ತಾರೆ, ಉಳಿದ ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕುತ್ತಾರೆ, ಅವರಲ್ಲಿ ಕೆಲವರು ತುಂಬಾ ವರ್ಷ. ತಾನು ಆ ಉದ್ದದ ಕಡೆ ಇರಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ. ಚಿಕಿತ್ಸೆ ತೆಗೆದುಕೊಂಡರು, 20 ವರ್ಷ ಬದುಕಿದರು, 2002ರಲ್ಲಿ ಬೇರೆಯೇ ಒಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಎಲ್ಲರಿಗೂ ಹಾಗಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆ ಅಂಕಿಯೊಳಗೆ ನೀವು ಎಲ್ಲಿದ್ದೀರಿ ಅಂತ ಅಂಕಿ ಹೇಳುವುದಿಲ್ಲ, ಅಷ್ಟೇ. ಅದೂ ಅಲ್ಲದೆ ಐದು ವರ್ಷದ ಲೆಕ್ಕ ಅಂದರೆ ಕನಿಷ್ಠ ಐದು ವರ್ಷದ ಹಿಂದೆ ಚಿಕಿತ್ಸೆ ಪಡೆದವರ ಲೆಕ್ಕ. ಆಮೇಲೆ ಬಂದ ಔಷಧಿ ಅದರಲ್ಲಿ ಸೇರಿಲ್ಲ.

ಮೌನಮುಖ:
ನನಗೆ ನಾಲಗೆಯ ಬುಡದಲ್ಲಿ ಇತ್ತು, ರೇಡಿಯೇಶನ್. ಕಾಯುವುದು ನನಗೂ ಗೊತ್ತು. ರೇಡಿಯೇಶನ್ ಕೊಡುವಾಗ ತಲೆ ಅಲುಗದಿರಲಿ ಅಂತ ಮುಖಕ್ಕೆ ಮಾಸ್ಕ್ ಮಾಡುತ್ತಾರೆ. ಪ್ಲಾಸ್ಟಿಕ್ ಜಾಲರಿಯನ್ನು ಬಿಸಿ ನೀರಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆದು ಕೂರಿಸುತ್ತಾರೆ, ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಸ್ಕ್ಯಾನ್ ಮಾಡಿ ಮನೆಗೆ ಕಳಿಸಿದರು, ಹತ್ತು ದಿನ ಬಿಟ್ಟು ಬನ್ನಿ ಅಂದರು. ಕೋಪ ಬಂತು. ಆಮೇಲೆ ಅಲ್ಲಿನ ಒಬ್ಬ ಹುಡುಗಿ ಕಂಪ್ಯೂಟರ್ ತೋರಿಸಿದಳು. ಸ್ಕ್ಯಾನಿನ ಒಂದೊಂದು ಪದರದಲ್ಲೂ ಗಡ್ಡೆ ಎಲ್ಲಿ, ಬೆನ್ನುಹುರಿ ಎಲ್ಲಿ, ಜೊಲ್ಲಿನ ಗ್ರಂಥಿ ಎಲ್ಲಿ ಅಂತ ಡಾಕ್ಟರ್ ಗೆರೆ ಎಳೆದಿದ್ದರು. ಅದರ ಮೇಲೆ ರೇಡಿಯೇಶನ್ ಎಲ್ಲಿಗೆ ಎಷ್ಟು ಅಂತ ಫಿಸಿಸಿಸ್ಟ್ ಲೆಕ್ಕ ಹಾಕಬೇಕು, ಮೆಷಿನ್ ಮೇಲೆ ಪರೀಕ್ಷಿಸಬೇಕು. ನೋಡಿದ ಮೇಲೆ ನನಗೆ ಸಿಟ್ಟು ಹೋಯಿತು.

ಆ ಹತ್ತು ದಿನದಲ್ಲಿ ಮಾಡಿದ್ದು ಎರಡೇ. ಸಿಗರೇಟು ಬಿಟ್ಟೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಹಾಳಾದ ಎರಡು ಹಲ್ಲು ತೆಗೆಸಿಕೊಂಡೆ, ದವಡೆಗೆ ರೇಡಿಯೇಶನ್ ಆದ ಮೇಲೆ ಹಲ್ಲು ತೆಗೆಸಿದರೆ ಮೂಳೆ ಸರಿಯಾಗಿ ಮಾಯುವುದಿಲ್ಲವಂತೆ. ಕೈಗೆ ಒಂದು ಕೆಲಸ ಇತ್ತು ನೋಡಿ, ಅದೇ ನನ್ನನ್ನು ಹಿಡಿದು ನಿಲ್ಲಿಸಿದ್ದು.

ಮುಂಜಾವು:
ಕೆಲಸ ಅಂದಿರಲ್ಲ, ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ದಿನಾ ಬೆಳಗ್ಗೆ ಅರ್ಧ ಗಂಟೆ ನಡೆದೆ, ಡಾಕ್ಟರೇ ಹೇಳಿದ್ದರು, ಮೈ ಗಟ್ಟಿಯಿದ್ದಷ್ಟೂ ಆಪರೇಶನ್ ಆದ ಮೇಲೆ ಬೇಗ ಚೇತರಿಸಿಕೊಳ್ಳಬಹುದು ಅಂತ. ಎಲ್ಲ ರಿಪೋರ್ಟುಗಳನ್ನೂ ತಾರೀಕಿನ ಪ್ರಕಾರ ಒಂದು ಫೈಲಿಗೆ ಹಾಕಿದೆ. ಪ್ರಶ್ನೆಗೆ ಒಂದು ನೋಟ್‌ಬುಕ್. ಡಾಕ್ಟರ್ ಹತ್ತಿರ ಹೋಗುವಾಗ ಬರೆದುಕೊಳ್ಳುವುದಕ್ಕೆ ತಮ್ಮನನ್ನು ಕರೆದುಕೊಂಡು ಹೋದೆ. ಫೋನ್ ಮಾಡಿ ವಿಚಾರಿಸುವ ಅಷ್ಟೂ ಜನರಿಗೆ ನಾನೇ ಉತ್ತರ ಕೊಟ್ಟು ಸುಸ್ತಾಗಿತ್ತು, ಅದನ್ನೂ ತಮ್ಮನಿಗೇ ವಹಿಸಿದೆ.

ಯಾರೋ ಹೇಳಿದರು ಅಂತ ಪುಡಿ, ಕಷಾಯ, ಮಾತ್ರೆ ಯಾವುದನ್ನೂ ಡಾಕ್ಟರಿಗೆ ಹೇಳದೆ ಶುರು ಮಾಡಬೇಡಿ. ಈ ಕಾಯುವ ದಿನಗಳಲ್ಲೇ ಇಂಥ ಸಲಹೆ ಜಾಸ್ತಿ ಬರುವುದು. ಕೆಲವು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತವೆ, ಆಪರೇಶನ್ ಹೊತ್ತಿಗೆ ಅಪಾಯ. ಕೆಲವು ಕೀಮೋ ಔಷಧಿ ಮೈಯಲ್ಲಿ ಕೆಲಸ ಮಾಡುವ ರೀತಿಯನ್ನೇ ಬದಲಿಸುತ್ತವೆ. ಇದನ್ನು ನಂಬಿಕೊಂಡು ಆಸ್ಪತ್ರೆಯ ತಾರೀಕನ್ನು ಮುಂದೆ ಹಾಕುವುದಂತೂ ಬೇಡವೇ ಬೇಡ.

ತಿಳಿನೀರು:
ಚಿಕ್ಕ ಮಾತು. ಮುಂದೆ ಮಕ್ಕಳು ಬೇಕು ಅಂತ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೀಮೋಗೆ ಮುಂಚೆಯೇ ಡಾಕ್ಟರಿಗೆ ಹೇಳಿ. ಅಂಡಾಣು, ವೀರ್ಯ ಶೇಖರಿಸಿಡುವ ದಾರಿ ಇದೆ. ಶುರುವಾದ ಮೇಲೆ ಕಷ್ಟ. ನನಗೆ ಯಾರೂ ಹೇಳಿರಲಿಲ್ಲ.

ಹಸಿರುಕಿಟಕಿ:
ಒಂದು ವಾರವಾಯಿತು. ನೀವು ಹೇಳಿದ್ದರಲ್ಲಿ ಏನೇನು ಮಾಡಿದೆ ಅಂತ ಬರೆಯುತ್ತೇನೆ.

ಫೋನ್ ಮಾಡಿದೆ. ನರ್ಸ್ ಡಾಕ್ಟರನ್ನು ಕೇಳಿ ವಾಪಸ್ ಮಾಡಿದರು, ನಿಮ್ಮ ಕೇಸಿನಲ್ಲಿ ಈ ತಾರೀಕು ಸರಿಯಾಗಿದೆ, ಅದಕ್ಕಿಂತ ಮುಂದೆ ಹೋಗಲು ಬಿಡುವುದಿಲ್ಲ ಅಂದರು. ಎರಡೇ ನಿಮಿಷದ ಮಾತು.

ಗಂಡನ ಎದುರು ಅತ್ತೆ. ಅವರು ಏನೂ ಹೇಳಲಿಲ್ಲ, ಪಕ್ಕದಲ್ಲಿ ಬಂದು ಕೂತರು.

ಮಗಳಿಗೆ ಹೇಳಿದೆ. ಇದೇ ನನಗೆ ಎಲ್ಲಕ್ಕಿಂತ ದೊಡ್ಡ ಭಯ ಆಗಿತ್ತು. ಕ್ಯಾನ್ಸರ್ ಅನ್ನುವ ಪದವನ್ನೇ ಬಳಸಿದೆ, ಹುಷಾರಿಲ್ಲ ಅಂತಷ್ಟೇ ಹೇಳಿದರೆ ಮುಂದೆ ತನಗೆ ನೆಗಡಿ ಬಂದಾಗಲೂ ಹೆದರುತ್ತಾಳೆ ಅಂತ ಕೌನ್ಸೆಲರ್ ಹೇಳಿದ್ದರು. ಅಮ್ಮನ ಎದೆಯಲ್ಲಿ ಒಂದು ಕೆಟ್ಟ ಗಂಟು ಇದೆ, ಅದರ ಹೆಸರು ಕ್ಯಾನ್ಸರ್, ಡಾಕ್ಟರುಗಳು ಔಷಧಿ ಹುಡುಕುತ್ತಿದ್ದಾರೆ, ಔಷಧಿ ಕೊಟ್ಟಾಗ ಅಮ್ಮನ ಕೂದಲು ಹೋಗಬಹುದು ಅಂದೆ. ಅವಳು ಸುಮಾರು ಹೊತ್ತು ಪೆನ್ಸಿಲಿನ ತುದಿ ನೋಡುತ್ತಾ ಕೂತಳು. ಆಮೇಲೆ ಕೇಳಿದಳು, 'ಅವತ್ತು ಓಡಿ ಬಂದು ನಿನಗೆ ಡಿಕ್ಕಿ ಹೊಡೆದೆನಲ್ಲ, ಅದರಿಂದ ಬಂತಾ?' ಅಯ್ಯೋ, ಎರಡು ವಾರದಿಂದ ಮನೆಯ ಪಿಸುಮಾತು ಕೇಳಿಸಿಕೊಂಡು ಆ ಮಗು ಇದನ್ನು ಹೊತ್ತುಕೊಂಡು ಓಡಾಡುತ್ತಿತ್ತು. ಇಲ್ಲ ಪುಟ್ಟಾ, ನಿನ್ನಿಂದ ಬಂದಿದ್ದಲ್ಲ, ಯಾರಿಂದಲೂ ಬಂದಿದ್ದಲ್ಲ, ತಬ್ಬಿಕೊಂಡರೆ ಅಂಟುವುದೂ ಇಲ್ಲ ಅಂದೆ. ತಕ್ಷಣ ಬಂದು ತಬ್ಬಿಕೊಂಡಳು, ಎಡಗಡೆ ನೋವಾಗಬಾರದು ಅಂತ ಬಲಗಡೆಗೆ ಸರಿದು.

ರಾತ್ರಿ ಮೂರಕ್ಕೆ ಈಗಲೂ ಎಚ್ಚರವಾಗುತ್ತದೆ. ಎದ್ದು ನೋಟ್‌ಬುಕ್‌ನಲ್ಲಿ ಬರೆದು ಮಲಗುತ್ತೇನೆ. ಭಯ ಹೋಗಿಲ್ಲ. ಆದರೆ ಭಯದ ಪಕ್ಕದಲ್ಲಿ ಇನ್ನೇನೋ ಕೂತಿದೆ ಅನ್ನಿಸುತ್ತದೆ.

ಜೊತೆಗಾರ:
ಬಲಗಡೆಗೆ ಸರಿದಳು ಅಂತ ಓದಿ ಕಣ್ಣು ತುಂಬಿ ಬಂತು ತಂಗಿ.

ಹಸಿರುಕಿಟಕಿ:
ಫಿಶ್ ರಿಪೋರ್ಟ್ ಬಂತು, ಹೆರ್2 ಪಾಸಿಟಿವ್. ನಿನ್ನೆ ಡಾಕ್ಟರನ್ನು ಕಂಡೆವು. ಮೊದಲು ಕೀಮೋ, ಅದರ ಜೊತೆ ಟ್ರಾಸ್ಟುಜುಮ್ಯಾಬ್, ಗಂಟು ಕುಗ್ಗಿದ ಮೇಲೆ ಆಪರೇಶನ್. ಆ ಔಷಧಿ ಕೆಲವರಿಗೆ ಹೃದಯದ ಮೇಲೆ ಪರಿಣಾಮ ಮಾಡಬಹುದು ಅಂತ ಇವತ್ತು ಹೃದಯದ ಸ್ಕ್ಯಾನ್, ಎಕೋ, ಮಾಡಿದರು, ಸರಿಯಾಗಿದೆ. ನನ್ನ ನೋಟ್‌ಬುಕ್‌ನಲ್ಲಿ 14 ಪ್ರಶ್ನೆ ಇತ್ತು, ಡಾಕ್ಟರ್ 14ಕ್ಕೂ ಉತ್ತರ ಕೊಟ್ಟರು. ಗುಣವಾಗುತ್ತದಾ ಅಂತ ಕೊನೆಗೆ ಕೇಳಿದೆ. ಗುಣ ಮಾಡಬೇಕು ಅಂತಲೇ ಈ ಚಿಕಿತ್ಸೆ ಕೊಡುತ್ತಿರುವುದು, ಮಾತು ಕೊಡಲಾರೆ, ಪ್ರತಿ ಹೆಜ್ಜೆಯಲ್ಲೂ ಏನಾಗುತ್ತಿದೆ ಅಂತ ಮುಚ್ಚಿಡದೆ ಹೇಳುತ್ತೇನೆ ಅಂದರು. ನನಗೆ ಅಷ್ಟು ಸಾಕಾಯಿತು.

ಸೋಮವಾರ ಬೆಳಗ್ಗೆ ಎಂಟಕ್ಕೆ ಹಾಜರಿರಬೇಕು. ಫೈಲ್, ನೋಟ್‌ಬುಕ್, ಒಂದು ಹೊದಿಕೆ ಬ್ಯಾಗಿನಲ್ಲಿ ಹಾಕಿ ಬಾಗಿಲ ಪಕ್ಕ ಇಟ್ಟಿದ್ದೇನೆ. ಮಗಳು ಅದರೊಳಗೆ ತನ್ನ ಬಣ್ಣದ ಪೆನ್ಸಿಲ್ ಡಬ್ಬಿ ಇಟ್ಟಿದ್ದಾಳೆ, ಅಲ್ಲಿ ಜಾಸ್ತಿ ಹೊತ್ತು ಕೂರಬೇಕಲ್ಲ ಅಂತ.

ಗಾಜಿನಪಟ್ಟಿ:
ಅಂತೂ ಉತ್ತರ ಸಿಕ್ಕಿತಲ್ಲ ಅಕ್ಕ. ಸೋಮವಾರ ಲ್ಯಾಬಿನಲ್ಲಿ ಕೂತಾಗ ನಿಮ್ಮನ್ನು ನೆನೆಯುತ್ತೇನೆ.

ಮುಂಜಾವು:
ಉದ್ದ ತೋಳಿನದ್ದಲ್ಲ, ಮುಂದೆ ಗುಂಡಿ ಇರುವ ಸಡಿಲ ಅಂಗಿ ಹಾಕಿಕೊಂಡು ಹೋಗಿ. ಕೀಮೋ ರೂಮ್ ತಣ್ಣಗಿರಬಹುದು, ಕಾಲುಚೀಲ ಮರೆಯಬೇಡಿ. ಮನೆಗೆ ಬಂದ ಮೇಲೆ ಆದರೆ ಒಂದು ಸಾಲು ಬರೆಯಿರಿ, ಆಗದಿದ್ದರೆ ಮಲಗಿ. ನಾನು ನೋಡುತ್ತಿರುತ್ತೇನೆ.